ಬಲಗಡೆಯ ತಾಳ

ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಹೆಡ್‌ಫೋನು. ಇದು ನನ್ನ ಮುಂಜಾನೆಯ ವೇಷ. ಪೂಜೆ ಮುಗಿಸಿ, ಅರ್ಧ ಕಪ್ ಚಹಾ ಕುಡಿದು, ನಡುಮನೆಯ ಕಂಪ್ಯೂಟರಿನ ಮುಂದೆ ಹತ್ತಿಯ ಬುಟ್ಟಿ ಇಟ್ಟುಕೊಂಡು ಕೂತೆನೆಂದರೆ ಎರಡೂ ಕೈ ಬತ್ತಿ ಹೊಸೆಯುತ್ತವೆ, ಎರಡೂ ಕಿವಿ ಭಜನೆ ಕೇಳುತ್ತವೆ. ಎರಡೂ ಕಿವಿ ಎಂದು ಬರೆದೆನಲ್ಲ, ಅಲ್ಲೇ ಕೈ ಒಂದು ಗಳಿಗೆ ನಿಂತಿತು. ಹೇಳಬೇಕಾದದ್ದು ಆ ಮಾತನ್ನೇ. ಆದರೆ ನೆಟ್ಟಗೆ ಅಲ್ಲಿಗೆ ಹೋಗುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸುತ್ತು ಹಾದಿಯಿಂದ ಹೋಗುತ್ತೇನೆ, ಬೇಸರ ಮಾಡಿಕೊಳ್ಳದೆ ಜೊತೆಗೆ ಬನ್ನಿ.

ನಮ್ಮದು ಸೋಲಾಪುರದಲ್ಲಿ ಚಾದರು, ಟವೆಲ್ಲುಗಳ ಅಂಗಡಿ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಮನೆಗೆ ಬಂತು. ವ್ಯಾಪಾರಸ್ಥರ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕೂರುವಂತಿಲ್ಲ, ಅದಕ್ಕೆ ಏನಾದರೂ ಕೆಲಸ ಹಚ್ಚಬೇಕು. ಅದೇ ಹೊತ್ತಿಗೆ ನನ್ನ ತವರೂರು ತಡವಳದಿಂದ ಅಣ್ಣ ಒಂದು ಪೆನ್ ಡ್ರೈವ್ ಕಳಿಸಿದ. ನಮ್ಮೂರ ಮಠದಲ್ಲಿ ಅಮಾವಾಸ್ಯೆಗೊಮ್ಮೆ ನಡೆಯುವ ಭಜನೆಯನ್ನು ಎರಡು ಮೈಕು ಇಟ್ಟು ರೆಕಾರ್ಡ್ ಮಾಡಿಸಿದ್ದ. ಎಡಗಡೆಯ ಮೈಕಿನ ಹತ್ತಿರ ಏಕತಾರಿ, ಬಲಗಡೆಯ ಮೈಕಿನ ಹತ್ತಿರ ತಾಳ, ನಡುವೆ ಹಾಡುವವರು. ಕಣ್ಣು ಮುಚ್ಚಿದರೆ ಮಠದ ಕಂಬಕ್ಕೆ ಒರಗಿ ಕೂತ ಹಾಗೆಯೇ ಆಗಬೇಕು. ಆದರೆ ನಮ್ಮ ಮನೆಯಲ್ಲಿ ಸ್ಪೀಕರಿಗೆ ಹಚ್ಚಿದರೆ, ನನ್ನ ಮೈದುನನ ಹೆಂಡತಿ ಸುನಂದಾ ನೋಡುವ ಮರಾಠಿ ಧಾರಾವಾಹಿಯ ಅತ್ತೆ ಸೊಸೆಯರೂ ಬಂದು ಭಜನೆಯಲ್ಲಿ ಕೂಡುತ್ತಿದ್ದರು. ಅದಕ್ಕಾಗಿ ಹೆಡ್‌ಫೋನು. ಮೊದಲ ದಿನ ನಾನು ಅದನ್ನು ಏರಿಸಿಕೊಂಡು ಕೂತಾಗ ಸುನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

“ಅಕ್ಕಾರ, ವಿಮಾನಾ ಎಷ್ಟಕ್ಕ ಬಿಡ್ತೀರಿ?”

“ನಿನ್ನ ಸೀರಿಯಲ್ ಮುಗದ ಮ್ಯಾಲ.”

“ಹಂಗಾದ್ರ ಇವತ್ತ ಬಿಡೂದಿಲ್ಲ ತಗೋರಿ.”

ತಾಳವೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಮಠದಲ್ಲಿ ತಾಳ ಬಾರಿಸುತ್ತಿದ್ದವರನ್ನು ನಾವು ಮಕ್ಕಳು ಕಲ್ಲಪ್ಪ ಕಾಕಾ ಎನ್ನುತ್ತಿದ್ದೆವು. ಒಂದು ಪದ ಮುಗಿದು ಇನ್ನೊಂದು ಎತ್ತುವ ನಡುವೆ, ಬಾರಿಸಿ ಬಾರಿಸಿ ಅವರ ಅಂಗೈಯ ಕಾವಿಗೆ ಬಿಸಿಯಾದ ಆ ಕಂಚಿನ ಬಟ್ಟಲನ್ನು ಅವರು ನನ್ನ ಕೆನ್ನೆಗೆ ಮುಟ್ಟಿಸುತ್ತಿದ್ದರು. ಬೇರೆಯವರಿಗೆ ದೇವರೆಂದರೆ ಮೂರ್ತಿ, ಬೆಳಕು, ಗಂಧ. ನನಗೆ ದೇವರು ಎಂದರೆ ಮೊದಲು ನೆನಪಾಗುವುದು ಕೆನ್ನೆಗೆ ತಾಗಿದ ಬಿಸಿ ಕಂಚು. ಆಮೇಲೆ ಕೊಬ್ಬರಿ ಸಕ್ಕರೆ. ಹೀಗಿರುವಾಗ ಅಣ್ಣ ಕಳಿಸಿದ ಭಜನೆಯಲ್ಲಿ ಏಕತಾರಿ ತುಂಬಿ ಕೇಳಿ, ತಾಳ ಮಾತ್ರ ಯಾರೋ ಮೇಲೊಂದು ಕೌದಿ ಹೊಚ್ಚಿದ ಹಾಗೆ ಕೇಳಿದರೆ ಹೇಗಾಗಬೇಡ?

ಅಷ್ಟೇ ಅಲ್ಲ, ಹಿಂದೆ ಒಂದು ಗುಂಯ್ ಎನ್ನುವ ಸದ್ದು. ಮೌಸ್ ಸರಿಸಿದರೆ ಕಣಜದೊಳಗೆ ಹುಳ ಕೂಗಿದ ಹಾಗೆ ಚಿರ್ ಚಿರ್. ಇದರಲ್ಲಿ ಮೊದಲ ತಪ್ಪು ನನ್ನದೇ ಎಂದು ಒಪ್ಪಿಕೊಂಡುಬಿಡುತ್ತೇನೆ. ನವರಾತ್ರಿಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ನಮ್ಮಲ್ಲಿ ಕತ್ತರಿ, ಗಜಕಡ್ಡಿ, ಹೊಲಿಗೆ ಯಂತ್ರ, ಮಿಕ್ಸರ್ ಎಲ್ಲಕ್ಕೂ ವಿಭೂತಿ ಹಚ್ಚುತ್ತೇವೆ. ಕಂಪ್ಯೂಟರಿಗೂ ಹಚ್ಚಿದೆ. ಆಮೇಲೆ ಮನೆಯಲ್ಲಿ ಭಜನೆ ಹೇಳುವ ವಸ್ತುವಿಗೆ ವರ್ಷಕ್ಕೊಂದೇ ಸಲವೇ ಅನ್ನಿಸಿ, ಸೋಮವಾರಕ್ಕೊಮ್ಮೆ ಹಚ್ಚತೊಡಗಿದೆ. ಬೆರಳು ಒದ್ದೆ ಮಾಡಿಕೊಂಡು ಮೂರು ಪಟ್ಟಿ, ಅಚ್ಚುಕಟ್ಟಾಗಿ. ನಡುವಿನ ಪಟ್ಟಿ ಸರಿಯಾಗಿ ಹೆಡ್‌ಫೋನಿನ ತೂತಿನ ಮೇಲೆ ಹಾಯುತ್ತಿತ್ತೆಂದು ನನಗೆ ಹೊಳೆಯಲಿಲ್ಲ.

ಕಂಪ್ಯೂಟರ್ ರಿಪೇರಿಯ ದಿಲೀಪಭಾವು ಬಂದರು. ನಮ್ಮವರ ಅಂಗಡಿಯ ಸಾಲಿನಲ್ಲೇ ಅವರದೂ ಅಂಗಡಿ. ಮರಾಠಿ ಮನುಷ್ಯ, ನಮ್ಮ ಜೊತೆ ಅರ್ಧ ಮರಾಠಿ ಅರ್ಧ ಕನ್ನಡ. ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಾರೆ. ತೂತಿಗೆ ಬ್ಯಾಟರಿ ಬಿಟ್ಟು ನೋಡಿ, ಸೂಜಿ ಹಾಕಿ ಕೆದಕಿದರೆ ಬಿಳಿಯ ಗಟ್ಟಿ ತುಂಡುಗಳು ಉದುರಿದವು.

“ವಹಿನಿ, ಹೇ ಕಾಯ? ಸುಣ್ಣಾ ಏನು?”

“ವಿಭೂತಿ ಅದರಿ.”

ಅವರು ಸೂಜಿಯ ತುದಿಯಲ್ಲಿದ್ದದ್ದನ್ನು ಹಣೆಗೆ ಹಚ್ಚಿಕೊಂಡರು. ಉಳಿದದ್ದನ್ನು ಊದಿದರು.

“ದ್ಯಾವರು ಹಾಡಾಕ ಹೋದ್ರ ಬಾಯಾಗ ಬೂದಿ ತುಂಬಿದ್ರಲ್ಲ ಅಕ್ಕಾರ” ಎಂದಳು ಸುನಂದಾ.

ನಕ್ಕೆವು. ತೂತು ಚೊಕ್ಕವಾಯಿತು. ಆ ದಿನ ಕೇಳಿದಾಗ ತಾಳ ಸ್ವಲ್ಪ ಮುಂದೆ ಬಂದ ಹಾಗೆ ಅನ್ನಿಸಿತು. ಅನ್ನಿಸಿಕೊಳ್ಳುವುದರಲ್ಲಿ ನಾನು ಬಹಳ ಗಟ್ಟಿ. ನಾಲ್ಕು ದಿನ ಹಾಗೇ ಅನ್ನಿಸಿಕೊಂಡೆ. ಐದನೆಯ ದಿನ ಸಾಕಾಯಿತು. ಕೌದಿ ಇದ್ದಲ್ಲೇ ಇತ್ತು. ತಾಳದವನು ಮೈಕಿಗೆ ಬೆನ್ನು ಮಾಡಿ ಕೂತಿದ್ದನೋ ಏನೋ ಎಂದು ಅಣ್ಣನಿಗೆ ಫೋನು ಹಚ್ಚಿದೆ.

“ಇಲ್ಲವ್ವ, ಮೈಕಿಗೆ ಮಾರಿ ಕೊಟ್ಟ ಕುಂತಿದ್ದ. ಭಾಳ ಜೋರ ಆಗ್ಯಾದ ಅಂತ ನಾವು ಬೈದೀವಿ.”

ಫೋನು ಇಟ್ಟ ಮೇಲೆ ನೋಡಿಕೊಂಡೆ. ಎಡಗಿವಿಗೆ ಹಿಡಿದಿದ್ದೆ. ಮೊದಲಿನಿಂದಲೂ ಎಡಗಿವಿಗೇ ಹಿಡಿಯುತ್ತಿದ್ದೆನೋ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಬಲಗಿವಿಗೆ ಹಿಡಿದು ನೋಡಲು ಹೆದರಿ ಫೋನನ್ನು ದೂರ ಸರಿಸಿದೆ.

ಯಾಕೆಂದರೆ ನಮ್ಮವ್ವ. ಈಗಿನ ನನ್ನ ವಯಸ್ಸಿಗೆ ಅವ್ವನ ಕಿವಿ ಹೋದವು. ಒಮ್ಮೆಲೇ ಅಲ್ಲ, ಕೆರೆಯ ನೀರು ಇಂಗಿದ ಹಾಗೆ. ನಾವು ಮಕ್ಕಳು ಅದನ್ನು ಆಟ ಮಾಡಿಕೊಂಡೆವು. ರೊಟ್ಟಿ ಬಡಿಯುತ್ತಿದ್ದ ಅವ್ವನ ಹಿಂದೆ ನಿಂತು, “ಅವ್ವಾ, ಬಾವ್ಯಾಗ ಆನಿ ಬಿದ್ದದ” ಎಂದರೆ, ಅವ್ವ ತಿರುಗದೆ “ಹ್ಞೂಂ, ಉಂಡ ಹೋಗ್ರಿ” ಎನ್ನುತ್ತಿದ್ದಳು. ಬಿದ್ದು ಬಿದ್ದು ನಗುತ್ತಿದ್ದೆವು. ನಾವು ನಗುವುದನ್ನು ಕಂಡು ಅವಳೂ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ. ಆ ಆಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ನಾನು. ಇದನ್ನು ಬರೆಯುವಾಗ ನನ್ನ ಮುಖ ನೋಡುವಂತಿಲ್ಲ.

ದೊಡ್ಡವರು ಆಟ ಆಡಲಿಲ್ಲ. ಅವರು ಹೇಳುವುದನ್ನು ಬಿಟ್ಟರು, ಅಷ್ಟೇ. ಒಂದು ಮಾತನ್ನು ಮೂರು ಸಲ ಕೂಗಿ ಹೇಳುವ ಬದಲು ಎಲ್ಲ ತೀರ್ಮಾನ ಮಾಡಿದ ಮೇಲೆ ಹೇಳಿದರಾಯಿತು ಎನ್ನುವುದು ರೂಢಿಯಾಯಿತು. ನನ್ನ ಮದುವೆಯ ಮಾತು ಅಂಗಳದಲ್ಲಿ ನಡೆಯುವಾಗ ಅವ್ವ ಒಳಗೆ ಹೋಳಿಗೆ ಲಟ್ಟಿಸುತ್ತಿದ್ದಳು. ತಾಟಿನಲ್ಲಿ ಖಣ, ತೆಂಗಿನಕಾಯಿ ಇಟ್ಟುಕೊಂಡು ದೊಡ್ಡವ್ವ ಹೊರಗೆ ಹೋದದ್ದನ್ನು ಕಂಡು ಅವಳು ತಿಳಿದುಕೊಂಡಳು. ಎಷ್ಟೋ ವರ್ಷದ ಮೇಲೆ, ಸಿಟ್ಟಿಲ್ಲದೆ, ನನ್ನ ಮಗಳ ಕೂದಲು ಬಾಚುತ್ತಾ ಅಂದಳು, “ನಿನ್ನ ಲಗ್ನಾ ಗಟ್ಟಿ ಆಗಿದ್ದು ಎಲ್ಲಾರಕಿಂತ ಕಡೀಕ ನನಗ ಗೊತ್ತಾತು.”

ನನಗೆ ಹೆದರಿಕೆ ಇದ್ದದ್ದು ಸದ್ದು ಹೋಗುತ್ತದೆಂದು ಅಲ್ಲ. ನಮ್ಮ ಮನೆಯಲ್ಲಿ ಸದ್ದು ಬೇಕಾದಷ್ಟಿದೆ, ಸ್ವಲ್ಪ ಹೋದರೆ ಪುಣ್ಯ. ನನಗೆ ಹೆದರಿಕೆ ಇದ್ದದ್ದು ಆ ‘ಕಡೀಕ’ ಎನ್ನುವುದರದು.

ಅದಕ್ಕೆ ಯಂತ್ರ ಕೆಟ್ಟಿದೆ ಎಂದೆ. ದಿನವೂ ಎಂದೆ. ನಮ್ಮವರು ಸ್ವಭಾವತಃ ಮಾತು ಕಡಿಮೆ, ಕೆಲಸ ಹೆಚ್ಚು. ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದವರು ಸಾಬೂನಿನ ಡಬ್ಬಿಯಷ್ಟು ಸಣ್ಣ ಕಪ್ಪು ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು.

“ಇದಕ್ಕ ಡ್ಯಾಕ್ ಅಂತಾರ” ಎಂದರು. “ಕಂಪ್ಯೂಟರಿನ ಹೊಟ್ಟ್ಯಾಗ ಭಜನಿ ಬರೇ ಅಂಕಿ ಆಗಿ ಇರ್ತದ. ಅದನ್ನ ದನಿ ಮಾಡಬೇಕು. ಒಳಗ ಫ್ಯಾನ್ ತಿರಗತದ, ನೂರಾ ಎಂಟ ಗದ್ದಲಾ ಇರ್ತದ. ಅಂಥಾ ಜಾಗಾದಾಗ ದನಿ ಮಾಡಿದ್ರ ಗುಂಯ್ ಅನ್ನದ ಏನ್ ಮಾಡ್ತದ? ಆ ಕೆಲಸಾ ಹೊರಗ ಈ ಡಬ್ಬಿಗೆ ಕೊಡೂದು.”

“ಅಂದ್ರ ಅಡಗಿಮನ್ಯಾಗಿನ ಮಾಡದಾಗ ಪೂಜಿ ಮಾಡೂದ ಬಿಟ್ಟ, ದ್ಯಾವರ ಕ್ವಾಣಿ ಬ್ಯಾರೆ ಮಾಡಿದಂಗ.”

“ಹಾಂ. ಹಂಗ.”

ನಾನು ವಿಭೂತಿಯ ಗಟ್ಟಿ ತಂದೆ. ಅವರು ತೂತಿನ ಮೇಲೆ ಅಂಗೈ ಇಟ್ಟುಕೊಂಡು, “ನೆತ್ತಿ ಮ್ಯಾಲ ಹಚ್ಚು, ಇಲ್ಲಿ ಬ್ಯಾಡ” ಎಂದರು.

ವೈರು ಜೋಡಿಸಿ ಭಜನೆ ಹಚ್ಚಿದಾಗ ನಾನು ನಿಜವಾಗಿ ಬೆರಗಾದೆ. ಗುಂಯ್ ಎನ್ನುವುದು ಪೂರ್ತಿ ಹೋಗಿತ್ತು. ಆ ಜಾಗದಲ್ಲಿ ಮಠದ ಮೌನ ಇತ್ತು. ಹಾಡುವವರು ಪದ ಎತ್ತುವ ಮುಂಚೆ ಉಸಿರು ತೆಗೆದುಕೊಳ್ಳುವುದು ಕೇಳಿತು. ಯಾರದೋ ಬಳೆ, ಯಾವುದೋ ಕೂಸಿನ ಕೆಮ್ಮು, ತಂತಿಯ ಮೇಲೆ ಬೆರಳು ಜಾರುವುದು. ದೇವರು ಕೊಟ್ಟ ಸಣ್ಣ ಸಣ್ಣ ಕರುಣೆಗಳನ್ನು ನಾನು ದಿನಾ ಲೆಕ್ಕ ಹಾಕುವವಳು. ಆ ದಿನ ಬತ್ತಿ ಹೊಸೆಯುವುದನ್ನು ಬಿಟ್ಟು ಬೆರಳು ಮಡಿಚಿ ಎಣಿಸಿದೆ. ಎಲ್ಲವೂ ಎಡಗಡೆಯವು, ನಡುವಿನವು. ಬಲಗಡೆ ಅದೇ ಕೌದಿ.

ನಮ್ಮವರು ಎದುರಿಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು.

“ಹೆಂಗದ?”

“ಚೊಲೋ ಅದರಿ.”

“ಬಲಕ್ಕ?”

ಹೇಳಲು ಅದೇ ಸರಿಯಾದ ಗಳಿಗೆ ಇತ್ತು. “ಬಲಕ್ಕ ಇನ್ನೂ ಕಡಿಮಿ ಅದ” ಎಂದೆ, ತಪ್ಪು ಅವರ ಪೆಟ್ಟಿಗೆಯದೇ ಎನ್ನುವ ಹಾಗೆ.

ಅವರು ಹೆಡ್‌ಫೋನು ತೆಗೆದು ಹಾಕಿಕೊಂಡರು. ಟೊಪ್ಪಿಗೆಯ ಮೇಲೆ ಅದು ಕೂಡಲಿಲ್ಲ, ಟೊಪ್ಪಿಗೆ ತೆಗೆದು ಹಾಕಿಕೊಂಡರು. ಬಹಳ ಹೊತ್ತು ಕೇಳಿದರು.

“ನನಗ ಎರಡೂ ಕಡಿ ಸಮಾ ಅದ.”

“ಅಂಗಡ್ಯಾಗಿನ ಗದ್ದಲಾ ಕೇಳಿ ಕೇಳಿ ನಿಮ್ಮ ಕಿವಿ ಮಂದ ಆಗ್ಯಾವ” ಎಂದೆ.

ಮಾತು ಕಡಿಮೆಯವರಾದರೂ ಬೇರೆ ದಿನವಾಗಿದ್ದರೆ ಇದಕ್ಕೆ ಒಂದು ಮಾತಾದರೂ ತಿರುಗಿ ಬರುತ್ತಿತ್ತು. ಆ ದಿನ ಅವರು ಟೊಪ್ಪಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಅವರು ಸುಮ್ಮನೆ ಹೋದದ್ದು ನನಗೆ ಇನ್ನೂ ಹೆದರಿಕೆ ತಂದಿತು.

ಆಮೇಲಿನ ದಿನಗಳಲ್ಲಿ ಒಂದೊಂದೇ ಬಂದವು. ಹಳೆಯ ವೈರು ಹೋಗಿ ದಪ್ಪನೆಯದು ಬಂತು. ಅಣ್ಣ ಕಳಿಸಿದ್ದು ಜಾಗ ಉಳಿಸಲೆಂದು ಕಬ್ಬಿನ ಹಾಗೆ ಹಿಂಡಿದ ಫೈಲಂತೆ, ಹಿಂಡದೆ ಇಟ್ಟ ಮೂಲ ಫೈಲನ್ನು ತಡವಳದಿಂದ ಮತ್ತೆ ತರಿಸಿದರು. ಕೊನೆಗೆ ಹೊಸ ಹೆಡ್‌ಫೋನು ಬಂತು, ಕಿವಿಯನ್ನೇ ನುಂಗುವಷ್ಟು ದೊಡ್ಡದು, ಕೂಸಿನ ಲೋಡಿನಂಥ ಮೆತ್ತನೆಯ ದಿಂಡು ಅದಕ್ಕೆ. ಪ್ರತಿ ಸಲ ಎಡಗಡೆ ಇನ್ನಷ್ಟು ಚೆಂದವಾಯಿತು. ಪ್ರತಿ ಸಲ ಬಲಗಡೆ ಹಾಗೆಯೇ ಉಳಿಯಿತು. ಯಂತ್ರ ಸುಧಾರಿಸಿದಷ್ಟೂ ನನ್ನ ಗುಟ್ಟು ದೊಡ್ಡದಾಗುತ್ತ ಹೋಯಿತು.

ಆ ವಾರ ಗುರುವಾರ ನಾವಿಬ್ಬರೂ ಎಂದಿನಂತೆ ಮೋಟರ್ ಸೈಕಲ್ ಮೇಲೆ ಅಕ್ಕಲಕೋಟೆಯ ಗುಡಿಗೆ ಹೋದೆವು. ನಾನು ಕಾಲು ಎರಡೂ ಎಡಕ್ಕೆ ಇಳಿಬಿಟ್ಟು ಹಿಂದೆ ಕೂತಿದ್ದೆ. ಹಾದಿಯಲ್ಲಿ ಅವರು ಏನೋ ಅಂದರು, ನಾನು ಹ್ಞೂಂ ಅಂದೆ. ಇನ್ನೊಂದು ಸಲ ಏನೋ ಅಂದರು, ಮತ್ತೆ ಹ್ಞೂಂ ಅಂದೆ. ಮುಂದೆ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ ನೀರು ಕುಡಿದರು. ನನ್ನ ಮುಖ ನೋಡಿದರು. ಮತ್ತೆ ಗಾಡಿ ಹತ್ತಿದರು, ಸಾವಕಾಶ ಹೊಡೆದರು.

ಗುಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತ ಹೆಣ್ಣುಮಗಳು ಮಗನ ನೌಕರಿಗೆ ಬೇಡಿಕೊಳ್ಳುತ್ತಿದ್ದಳು. ಅವಳ ಹಿಂದೆ ನಿಂತ ನಾನು, ಹೊಸದಾಗಿ ತಂದ ಪೆಟ್ಟಿಗೆ ಕೆಟ್ಟಿರಲಪ್ಪಾ ಎಂದು ಬೇಡಿಕೊಂಡೆ. ಇಂಥ ಬೇಡಿಕೆ ಆ ದೇವರಿಗೆ ಹಿಂದೆಂದೂ ಬಂದಿರಲಿಕ್ಕಿಲ್ಲ. ಪ್ರಸಾದದ ಊಟಕ್ಕೆ ಕೂತಾಗ ಹೊಳೆಯಿತು. ಪೆಟ್ಟಿಗೆ ಕೆಟ್ಟಿರಲಿ ಎಂದರೆ ಏನು ಅರ್ಥ? ದಿಲೀಪಭಾವು ಖೋಟಾ ಮಾಲು ಕೊಟ್ಟಿರಲಿ ಎಂದಲ್ಲವೇ? ಪಾಪದ ಮನುಷ್ಯ, ನಮ್ಮ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು ಹೋದವರು.

ಅಷ್ಟು ಗೊತ್ತಿದ್ದೂ ಮರುದಿನ ಅವರ ಅಂಗಡಿಯಲ್ಲಿ ನಿಂತು ನಾನೇ ಅಂದೆ, “ಡಬ್ಬಿನ ಖರಾಬ ಇರಬೇಕರಿ.”

ನಮ್ಮವರು ಪೆಟ್ಟಿಗೆ, ಹೆಡ್‌ಫೋನು ಎರಡನ್ನೂ ಗಲ್ಲೆಯ ಮೇಜಿನ ಮೇಲಿಟ್ಟು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತರು. ದಿಲೀಪಭಾವು ತಮ್ಮ ಕಂಪ್ಯೂಟರಿಗೆ ಹಚ್ಚಿ ಕೇಳಿದರು. ತಮ್ಮ ಬೇರೆ ಹೆಡ್‌ಫೋನು ಹಾಕಿ ಕೇಳಿದರು. ವೈರು ಬದಲಿಸಿ ಕೇಳಿದರು. ಹಣೆಯ ಬೆವರು ಒರೆಸಿಕೊಂಡರು.

“ವಹಿನಿ, ಶಪಥ ಮಾಡ್ತೀನಿ, ಡಬ್ಬೀತ ದೋಷ ನಾಹೀ. ಏಕದಮ್ ಠೀಕ ಅದ.”

“ನನಗ ಬಲಕ್ಕ ಕೇಳಂಗಿಲ್ಲಲ್ಲ.”

“ಏಕ ಕಾಮ ಕರಾ. ಹೆಡ್‌ಫೋನ ಉಲಟಾ ಹಾಕ್ಕೊಂಡ ನೋಡ್ರಿ. ಎಡದ್ದು ಬಲಕ್ಕ, ಬಲದ್ದು ಎಡಕ್ಕ. ಮಶೀನಿಂದು ತಪ್ಪಿದ್ರ ಕಡಿಮಿ ಆವಾಜ ಆ ಕಡಿ ಹೋಗ್ತದ. ಹೋಗಲಿಲ್ಲಂದ್ರ...”

ಅಲ್ಲಿಗೆ ನಿಲ್ಲಿಸಿದರು. ಸಭ್ಯ ಮನುಷ್ಯ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರೂ ನನ್ನ ಕಡೆ ನೋಡಿದರು. ಹೆಡ್‌ಫೋನು ನನ್ನ ಕೈಯಲ್ಲಿತ್ತು. ತಿರುವಿ ಹಾಕಿಕೊಳ್ಳಲು ಒಂದು ಗಳಿಗೆ ಸಾಕು.

“ತುರುಬು ಅದರಿ, ಉಲ್ಟಾ ಕೂಡಂಗಿಲ್ಲ” ಎಂದೆ.

ಹೆಡ್‌ಫೋನಿಗೂ ತುರುಬಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ದಿಲೀಪಭಾವು ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿ ಕೊಟ್ಟರು. “ಇವತ್ತೊಂದಿನ ಮನ್ಯಾಗ ಕೇಳ್ರಿ. ಸರಿ ಬರಲಿಲ್ಲಂದ್ರ ನಾಳಿ ತಂದ ಕೊಡ್ರಿ, ಮೀ ಪರತ ಘೇತೋ, ವಾಪಸ ತಗೋತೀನಿ. ಖರಾಬ ಅಂತ ಬರದು ಕಂಪನಿಗೆ ಕಳಸ್ತೀನಿ. ವಹಿನಿ ಅಂದ ಮ್ಯಾಲ ಮುಗೀತು.”

ಇದು ನನ್ನನ್ನು ಕೊಂದಿತು. ವ್ಯಾಪಾರಸ್ಥರ ಮನೆಯ ಹೆಂಗಸಿಗೆ ಈ ಮಾತಿನ ತೂಕ ಗೊತ್ತು. ನಮ್ಮ ಮಾವನವರ ಕಾಲದಲ್ಲಿ ಒಬ್ಬ ಗಿರಾಕಿ ಚಾದರಿನ ಬಣ್ಣ ಬಿಡುತ್ತದೆಂದು ವಾಪಸು ತಂದಿದ್ದ. ಮಾವ ಅವನೆದುರಿಗೇ ಬಕೆಟ್ಟಿನಲ್ಲಿ ಅದ್ದಿ ತೆಗೆದರು. ಒಂದು ಹನಿ ಬಣ್ಣ ಬಿಡಲಿಲ್ಲ. ಆದರೂ ಗಿರಾಕಿ ಬಿಡುತ್ತದೆ ಎಂದ, ಮಾವ ತೆಗೆದುಕೊಂಡರು. ಮತ್ತೆ ಅಂಗಡಿಯಲ್ಲಿ ಇಡಲಿಲ್ಲ, ಒಮ್ಮೆ ಖರಾಬ ಅನ್ನಿಸಿಕೊಂಡ ಮಾಲು ಮಾರಬಾರದೆಂದು ಮನೆಗೆ ತಂದರು. ಆ ಚಾದರು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಬಾಳಿತು. ನನ್ನ ಮಕ್ಕಳು ಅದರ ಮೇಲೆ ಬೆಳೆದರು, ಅದರ ಬಣ್ಣ ಇನ್ನೂ ಹಾಗೇ ಇತ್ತು. ಅದನ್ನು ನಾನು ಒಗೆದು ಹಿಂಡುವಾಗೆಲ್ಲ ಮಾವ, “ಪಾಪ, ಏನೂ ತಪ್ಪು ಮಾಡಲಾರದ್ದು” ಎನ್ನುತ್ತಿದ್ದರು, ದನಕ್ಕೋ ಕರುವಿಗೋ ಅನ್ನುವ ಹಾಗೆ.

ಮರುದಿನ ಪೂಜೆ ಮಾಡಿದೆ. ಮಂತ್ರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ತಿಳಿಯಲಿಲ್ಲ. ನಮ್ಮವರು ಸ್ನಾನಕ್ಕೆ ಹೋಗಿದ್ದರು. ಸುನಂದಾ ಹಿತ್ತಲಲ್ಲಿ ಇದ್ದಳು. ನಾನು ಕಂಪ್ಯೂಟರಿನ ಮುಂದೆ ಕೂತು ಭಜನೆ ಹಚ್ಚಿ, ಹೆಡ್‌ಫೋನನ್ನು ಕೈಯಲ್ಲಿ ತಿರುವಿದೆ. ಸೆರಗು ಇಳಿಸಿ, ಹಾಕಿಕೊಂಡೆ.

ಎಡಗಿವಿಗೆ ತಾಳ ಬಂತು.

ಎಷ್ಟು ದಿನವಾಗಿತ್ತು ಅದನ್ನು ಹಾಗೆ ಕೇಳಿ. ಕಂಚಿಗೆ ಕಂಚು ತಾಗಿ, ತಾಗಿದ್ದು ಹರಡಿ, ಹರಡಿದ್ದು ಸಣ್ಣಗಾಗಿ, ಅದು ಮುಗಿಯುವ ಮುಂಚೆ ಇನ್ನೊಂದು. ಅಣ್ಣ ಅಂದದ್ದು ಖರೆ, ತಾಳ ಜೋರಾಗೇ ಇತ್ತು. ಬಲಗಡೆಗೆ ಹೋದ ಏಕತಾರಿ ಮಾತ್ರ ಈಗ ಕೌದಿಯೊಳಗೆ ಸೇರಿತ್ತು. ಇಷ್ಟು ಚೆಂದದ ಸದ್ದು ನನಗೆ ಅಷ್ಟು ಕೆಟ್ಟ ಸುದ್ದಿ ತಂದಿತ್ತು. ಅಳಬೇಕೋ ಕೇಳಬೇಕೋ ತಿಳಿಯದೆ, ಆ ಪದ ಮುಗಿಯುವ ತನಕ ಕೇಳಿದೆ.

ಹೆಡ್‌ಫೋನು ತೆಗೆದು ತಿರುಗಿದರೆ ಮೇಜಿನ ಮೇಲೆ ಪೆಟ್ಟಿಗೆಯ ಚೀಲ ಇರಲಿಲ್ಲ. ಪೆಟ್ಟಿಗೆ ಮಾತ್ರ ಕಂಪ್ಯೂಟರಿಗೇ ಹಚ್ಚಿತ್ತು, ಅದರ ರಟ್ಟು, ಕಾಗದ ಎಲ್ಲ ಆ ಚೀಲದಲ್ಲಿದ್ದವು. ನಮ್ಮವರು ಚೀಲ ಕೈಯಲ್ಲಿ ಹಿಡಿದು, ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿ ಮೆಟ್ಟಿಲು ಇಳಿಯುತ್ತಿದ್ದರು. ಮೊದಲು ದಿಲೀಪಭಾವು ಅವರಿಗೆ ಹೇಳಿ, ಆಮೇಲೆ ಬಂದು ಪೆಟ್ಟಿಗೆ ಒಯ್ಯುವ ವಿಚಾರ ಇರಬೇಕು.

ನಮ್ಮಲ್ಲಿ ವ್ಯಾಪಾರಕ್ಕೆ ಹೊರಟ ಗಂಡಸನ್ನು ಹಿಂದಿನಿಂದ ಕರೆಯುವುದಿಲ್ಲ. ಮನೆ ತುಂಬಿದ ದಿನ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಅದು. ಕೀಲಿಕೈ ಮರೆತು ಹೋದರೂ ಓಡಿ ಹೋಗಿ ಮುಂದೆ ನಿಂತು ಕೊಡಬೇಕೇ ಹೊರತು ಕೂಗಬಾರದು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೂಗಿರಲಿಲ್ಲ. ಆ ದಿನ ಕೂತಲ್ಲಿಂದಲೇ ಕೂಗಿದೆ.

“ರೀ” ಎಂದೆ.

ಅವರು ಒಂದು ಮೆಟ್ಟಿಲ ಮೇಲೆ ಒಂದು ಕಾಲು, ಇನ್ನೊಂದರ ಮೇಲೆ ಇನ್ನೊಂದು ಕಾಲಿಟ್ಟು ಹಾಗೇ ನಿಂತರು. ತಿರುಗಿ ಒಳಗೆ ಬಂದರು. ಚಪ್ಪಲಿ ಬಿಟ್ಟರು. ಕೂತರು.

“ಹಿಂದಿಂದ ಕರದಿ. ಈಗ ಕುಂತ ನೀರ ಕುಡದ ಹೋಗಬೇಕು. ತಾ.”

ತಂಬಿಗೆ ತಂದು ಕೊಟ್ಟೆ. ಅವರು ಕುಡಿಯಲಿಲ್ಲ, ಹಿಡಿದುಕೊಂಡು ಕೂತರು.

“ಡಬ್ಬಿ ಚೊಲೋ ಅದರಿ.”

“ಹ್ಞೂಂ.”

“ಹೆಡ್‌ಫೋನೂ ಚೊಲೋ ಅದ. ಉಲ್ಟಾ ಹಾಕಿ ನೋಡಿದೆ.”

“ಹ್ಞೂಂ.”

“ಬಲಗಿವಿ...” ಎಂದೆ.

“ಗೊತ್ತದ” ಎಂದರು.

ನಾನು ನೋಡಿದೆ. ಅವರು ತಂಬಿಗೆಯೊಳಗಿನ ನೀರು ನೋಡುತ್ತಿದ್ದರು.

“ಗಾಡಿ ಮ್ಯಾಲ ಕುಂತಾಗ ನಿನ್ನ ಬಲಗಿವಿ ನನ್ನ ಕಡಿ ಇರ್ತದ. ನಾ ಅಂದಿದ್ದಕ್ಕ ನೀ ಮೊದಲಿನಂಗ ಜಗಳಾ ತಗ್ಯೂದ ಬಿಟ್ಟಿ. ಗಾಳಿ ಇರಬೇಕಂತ ಸಾವಕಾಶ ಹೊಡದೆ. ಅವತ್ತ ಗುರುವಾರ, ಕುರನೂರ ಡ್ಯಾಮಿಗೆ ಹೋಗಿ ಇಬ್ಬರೂ ಮುಣಗೂಣೇನು ಅಂತ ಕೇಳಿದೆ. ನೀ ಹ್ಞೂಂ ಅಂದಿ.”

“ಎರಡ ಸಲ ಕೇಳಿದ್ರಲ್ಲ.”

“ಎರಡನೇ ಸಲ, ನೀ ಮೊದಲ ಮುಣಗ್ತೀಯೇನು ಅಂತ ಕೇಳಿದೆ. ಅದಕ್ಕೂ ಹ್ಞೂಂ ಅಂದಿ.”

ನಗು ಬಂದುಬಿಟ್ಟಿತು. ಬಾವಿಯಲ್ಲಿ ಆನೆ ಬೀಳಿಸಿದವಳಿಗೆ ದೇವರು ಡ್ಯಾಮು ತೋರಿಸಿದ್ದ. ನಗುತ್ತಲೇ ಕಣ್ಣು ತುಂಬಿದವು.

“ಗೊತ್ತಿದ್ದ ಮ್ಯಾಲ ಇಷ್ಟೆಲ್ಲಾ ಯಾಕ ತಂದ್ರಿ? ವೈರು, ಡಬ್ಬಿ?”

ಅವರು ತಂಬಿಗೆಯನ್ನು ಕೆಳಗಿಟ್ಟರು. “ಪೂರಾ ಗೊತ್ತಿರಲಿಲ್ಲ. ಮಶೀನಿಂದು ಇದ್ರೂ ಇರಬೇಕಂತ. ಒಂದೊಂದ ತಂದಾಗೂ ಇದರಿಂದರೆ ಸರಿ ಆದೀತು ಅಂತ. ಗುಡ್ಯಾಗ ನಿನ್ನ ಮಗ್ಗಲದಾಗ ನಿಂತು, ಡಬ್ಬಿನ ಕೆಟ್ಟಿರಲಿ ಅಂತ ಬೇಡ್ಕೊಂಡೆ.”

ಒಂದೇ ಸಾಲಿನಲ್ಲಿ ನಿಂತು, ಒಬ್ಬರಿಗೊಬ್ಬರು ತಿಳಿಯದ ಹಾಗೆ, ಇಬ್ಬರೂ ಅದೇ ಹುಚ್ಚು ಬೇಡಿಕೆ ಇಟ್ಟಿದ್ದೆವು. ದೇವರು ಎರಡನ್ನೂ ಕೇಳಿ ದಿಲೀಪಭಾವು ಅವರ ಮರ್ಯಾದೆ ಉಳಿಸಿದ್ದ. ಇದನ್ನೂ ನಾನು ಕರುಣೆಗಳ ಲೆಕ್ಕಕ್ಕೇ ಹಿಡಿದೆ.

“ಸುನಂದಾಗ ಹೇಳೂದು ಬ್ಯಾಡರಿ” ಎಂದೆ.

“ಮೊದಲ ನನಗ ಹೇಳಿದಾಕಿ ಆಕೀನ. ಕುಕ್ಕರಿನ ಸೀಟಿ ಎಣಸಾಕ ನಿನ್ನ ಬದಲಿ ಆಕಿ ನಿಂದರತಾಳಲ್ಲ, ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ನನ್ನ ಕಿವಿಯ ಸುದ್ದಿ ಎಲ್ಲರಿಗಿಂತ ಕಡೆಗೆ ನನಗೇ ತಿಳಿದಿತ್ತು. ಆದರೆ ನಾನು ಹೆದರಿದ್ದ ‘ಕಡೀಕ’ ಇದು ಆಗಿರಲಿಲ್ಲ. ಅವ್ವನ ಸುತ್ತ ಯಾರೂ ಹೀಗೆ ಸುಮ್ಮನೆ ಬಂದು ಕುಕ್ಕರಿನ ಮುಂದೆ ನಿಂತಿರಲಿಲ್ಲ. ಸುನಂದಾ ಹಿತ್ತಲಿಂದ ಬಂದು, ನಮ್ಮಿಬ್ಬರ ಮುಖ ನೋಡಿ, ಟಿವಿ ಹಚ್ಚದೆ ಒಳಗೆ ಹೋದಳು.

ಅದೇ ದಿನ ಇಬ್ಬರೂ ಹೋದೆವು. ಮೊದಲು ದಿಲೀಪಭಾವು ಅವರ ಅಂಗಡಿಗೆ. ಗಿರಾಕಿಗಳ ಎದುರಿಗೇ, “ಡಬ್ಬಿ ಚೊಲೋ ಅದರಿ, ತಪ್ಪು ನನ್ನ ಕಿವೀದು” ಎಂದೆ. ಅವರು “ಬಸಾ ವಹಿನಿ, ಚಹಾ ಘ್ಯಾ” ಎಂದು ಕುರ್ಚಿ ಸರಿಸಿದರು, ನನ್ನ ಎಡಗಡೆಗೆ ಬಂದು ನಿಂತರು. ಚಹಾ ಕುಡಿದೆವು. ಅಲ್ಲಿಂದ ಕಿವಿಯ ಡಾಕ್ಟರಲ್ಲಿಗೆ.

ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಪರೀಕ್ಷೆ ಮಾಡಿಸಿರಿ ಎಂದು ಪಕ್ಕದ ಕೋಣೆಗೆ ಕಳಿಸಿದರು. ಕೋಣೆಯೊಳಗೆ ಇನ್ನೊಂದು ಕೋಣೆ, ಗೋಡೆಗೆಲ್ಲ ಮೆತ್ತೆ ಬಡಿದದ್ದು, ಒಂದು ಗಾಜಿನ ಕಿಟಕಿ. ಹೊರಗಿನ ಸದ್ದು ಒಂದೂ ಇಲ್ಲ. ಪರೀಕ್ಷೆ ಮಾಡುವ ಹುಡುಗಿ ನನ್ನ ಸೆರಗನ್ನು ತಾನೇ ಇಳಿಸಿ, ಹೆಡ್‌ಫೋನು ಹಾಕಿದಳು. ನಮ್ಮ ಮನೆಯದಕ್ಕಿಂತ ಸಾದಾ, ದಿಂಡಿನ ಚರ್ಮ ಬಿರಿದದ್ದು. ಕೈಯಲ್ಲೊಂದು ಗುಂಡಿ ಕೊಟ್ಟು, “ಕಾಕೂ, ಆವಾಜ ಆಲಾ ಕೀ ದಾಬಾ. ಕಿತೀಹೀ ಬಾರೀಕ ಅಸಲಾ ತರೀ” ಎಂದಳು. ಎಷ್ಟು ಸಣ್ಣ ಸದ್ದು ಬಂದರೂ ಒತ್ತಬೇಕು.

ಮೊದಲು ಎಡಗಿವಿ. ಕುಂಯ್, ಒತ್ತಿದೆ. ಸಣ್ಣ ಕುಂಯ್, ಒತ್ತಿದೆ. ಇನ್ನೂ ಸಣ್ಣದು, ಇರುವೆಯಷ್ಟು, ಅದನ್ನೂ ಹಿಡಿದೆ. ಸಾಲೆಯಲ್ಲಿ ಪಾಠ ಒಪ್ಪಿಸಿದಷ್ಟು ಹಿಗ್ಗು. ಆಮೇಲೆ ಅವಳು ಬೆರಳು ಎತ್ತಿ ಬಲಕ್ಕೆ ತೋರಿಸಿದಳು.

ಏನೂ ಬರಲಿಲ್ಲ.

ಗಾಜಿನಾಚೆ ನಮ್ಮವರು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಆ ಹುಡುಗಿಯ ಕೈ ಯಂತ್ರದ ಮೇಲೆ ಇತ್ತು. ಅಷ್ಟರಲ್ಲಿ ನನಗೆ ಒಂದು ಗೊತ್ತಾಯಿತು. ಸದ್ದು ಕಳಿಸುವಾಗ ಅವಳ ತೋರುಬೆರಳು ಒಂದು ಸ್ವಲ್ಪ ಕೆಳಗೆ ಇಳಿಯುತ್ತದೆ. ಅದನ್ನು ನೋಡಿ ಒತ್ತಿದರೆ ಯಾರಿಗೂ ತಿಳಿಯುವುದಿಲ್ಲ. ಬೆರಳು ಇಳಿಯಿತು. ನಮ್ಮವರು ನನ್ನ ಕೈ ನೋಡಿದರು. ಬೆರಳು ಮತ್ತೆ ಇಳಿಯಿತು. ಅವರ ಹೆಬ್ಬೆರಳು ಟೊಪ್ಪಿಗೆಯ ಅಂಚನ್ನು ಒತ್ತುತ್ತಿತ್ತು, ನನ್ನ ಬದಲಿಗೆ ಅವರೇ ಒತ್ತಿ ಕೊಡುವವರ ಹಾಗೆ.

ನಾನು ಕಣ್ಣು ಮುಚ್ಚಿಕೊಂಡೆ.

ಕತ್ತಲಲ್ಲಿ ಮೊದಲು ನನ್ನ ಉಸಿರು ಮಾತ್ರ ಇತ್ತು. ಎಷ್ಟು ಹೊತ್ತು ಹೋಯಿತೋ, ಎಷ್ಟು ಸದ್ದು ನನ್ನನ್ನು ದಾಟಿ ಹೋದವೋ ತಿಳಿಯದು. ಬೆರಳು ಎತ್ತಿ ಹಿಡಿದೇ ಇದ್ದೆ. ಆಮೇಲೆ, ಬಹಳ ದೂರದಲ್ಲಿ, ಎರಡು ಹೊಲದಾಚೆ ಯಾರೋ ಎತ್ತಿಗೆ ಸಿಳ್ಳು ಹಾಕಿದ ಹಾಗೆ ಏನೋ ಒಂದು. ಇದೆಯೋ ಇಲ್ಲವೋ ಎನ್ನುವಷ್ಟು. ಒತ್ತಲಿಲ್ಲ. ಕಾದೆ. ಅದು ಇನ್ನೊಂದು ಸಲ ಬಂತು, ಒಂದು ಕೂದಲೆಳೆ ದಪ್ಪಗೆ. ಆಗ ಒತ್ತಿದೆ.

ಹೊರಗೆ ಬಂದಾಗ ನಮ್ಮವರು ನನ್ನ ಎಡಕ್ಕೆ ಬಂದು, “ಎಷ್ಟು ಕೇಳಿಸ್ತು?” ಎಂದರು.

“ಕೇಳಿಸಿದಷ್ಟಕ್ಕ ಅಷ್ಟ ಒತ್ತಿದೆರಿ” ಎಂದೆ.